ಬರೆದ ತೂಕ, ಇದ್ದ ತೂಕ: ಹಾನ್ ಚೀನದ ನಾಣ್ಯಸುಧಾರಣೆ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ನಡೆಸಿದ ಉತ್ಖನನದಲ್ಲಿ ದೊರೆತ ಚೀನೀ ನಾಣ್ಯವೊಂದನ್ನು ಹಾನ್ ವಂಶದ ವೂ ಚಕ್ರವರ್ತಿಯ ಕಾಲದ್ದೆಂದು ಗುರುತಿಸಿದ್ದುದು ನಾಣ್ಯಶಾಸ್ತ್ರದ ಅಭ್ಯಾಸಿಗಳಿಗೆ ತಿಳಿದ ಸಂಗತಿ. ಇಂತಹ ಕಾಲನಿರ್ದೇಶನಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಿಶ್ಚಯಿಸುವ ಮೊದಲು ಚೀನೀಯರು ತಮ್ಮ ನಾಣ್ಯದ ಮೇಲೆ ಏನನ್ನು ಬರೆಯುತ್ತಿದ್ದರು, ಆ ಬರಹಕ್ಕೂ ಲೋಹಕ್ಕೂ ಇದ್ದ ಸಂಬಂಧವೇನು ಎಂಬುದನ್ನು ನಾವು ಅರಿಯಬೇಕಾಗುತ್ತದೆ.

ಕ್ರಿ.ಪೂ. 221ರಲ್ಲಿ ಚೀನವನ್ನು ಒಂದುಗೂಡಿಸಿದ ಛಿನ್ ಪ್ರಭುತ್ವವು ಗುದ್ದಲಿಯಾಕಾರದ, ಚೂರಿಯಾಕಾರದ ಪ್ರಾಂತೀಯ ನಾಣ್ಯಗಳನ್ನು ಬದಿಗೊತ್ತಿ, ನಡುವೆ ಚೌಕ ರಂಧ್ರವುಳ್ಳ ದುಂಡನೆಯ ಕಂಚಿನ ನಾಣ್ಯವನ್ನು ಎಲ್ಲೆಡೆ ಜಾರಿಗೊಳಿಸಿತು. ಎರಕ ಹೊಯ್ದ ಆ ನಾಣ್ಯದ ಮೇಲೆ ರಾಜನ ಹೆಸರಿಲ್ಲ, ಬಿಂಬವಿಲ್ಲ. ಇರುವುದು 'ಬಾನ್‌ಲಿಯಾಂಗ್', ಅಂದರೆ 'ಅರ್ಧ ಲಿಯಾಂಗ್' ಎಂಬ ತೂಕ. ಲಿಯಾಂಗ್ ಒಂದಕ್ಕೆ 24 ಝು. ಅರ್ಧ ಲಿಯಾಂಗ್ ಎಂದರೆ 12 ಝು, ಸುಮಾರು 8 ಗ್ರಾಂ. ಗದ್ಯಾಣವು ತೂಕವೂ ನಾಣ್ಯವೂ ಆಗಿದ್ದುದನ್ನು ಶಾಸನಗಳಿಂದ ಬಲ್ಲ ನಮಗೆ ಇದು ಅಪರಿಚಿತ ಕ್ರಮವೇನಲ್ಲ.

ಆದರೆ ಬರೆದ ತೂಕ ಲೋಹದಲ್ಲಿ ಉಳಿಯಲಿಲ್ಲ. 1975ರಲ್ಲಿ ಶೂಯಿಹೂದಿಯ ಸಮಾಧಿಯಲ್ಲಿ ದೊರೆತ ಬಿದಿರ ಪಟ್ಟಿಕೆಗಳ ಛಿನ್ ಕಾನೂನು, ಒಳ್ಳೆಯ ಹಾಗೂ ಕಳಪೆ ನಾಣ್ಯಗಳನ್ನು ಬೆರೆಸಿಯೇ ಬಳಸಬೇಕು, ಆರಿಸಕೂಡದು ಎಂದು ವಿಧಿಸುತ್ತದೆ. ಜನರು ಆರಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಹಾನ್ ವಂಶದ ಆರಂಭದಲ್ಲಂತೂ ನಾಣ್ಯಗಳು ಎಷ್ಟು ತೆಳುವಾದುವೆಂದರೆ ಅವಕ್ಕೆ 'ಎಲ್ಮ್ ಮರದ ಕಾಯಿ' ಎಂಬ ಅಡ್ಡಹೆಸರೇ ಬಂದಿತು. ಕ್ರಿ.ಪೂ. 175ರಲ್ಲಿ ವೆನ್ ಚಕ್ರವರ್ತಿಯು ಹೊರಡಿಸಿದ ನಾಣ್ಯದ ತೂಕ 4 ಝು. ಅದರ ಮೇಲಿನ ಬರಹ ಮಾತ್ರ ಅದೇ 12 ಝುವಿನದು. ಜೊತೆಗೆ, ಖಾಸಗಿಯವರೂ ನಾಣ್ಯ ಹೊಯ್ಯಬಹುದೆಂಬ ಅನುಮತಿಯೂ ದೊರೆಯಿತು. ಜಿಯಾ ಯಿ ಎಂಬ ಮಂತ್ರಾಲೋಚಕನು ಇದನ್ನು ಬಲವಾಗಿ ವಿರೋಧಿಸಿದನು. ಸೀಸ, ಕಬ್ಬಿಣಗಳನ್ನು ಬೆರೆಸದೆ ಹೊಯ್ದರೆ ಲಾಭವಿಲ್ಲ, ಬೆರೆಸಿದರೆ ಕಠಿಣ ಶಿಕ್ಷೆ. ಹೀಗಿರುವಾಗ ಅನುಮತಿ ಕೊಡುವುದೆಂದರೆ ಪ್ರಜೆಗಳಿಗೆ ಬಲೆಯೊಡ್ಡಿದಂತೆ, ಒಕ್ಕಲುತನ ಬಿಟ್ಟು ಜನ ತಾಮ್ರ ತೋಡಲು ಹೋಗುತ್ತಾರೆ ಎಂಬುದು ಅವನ ವಾದ. ವಾದವು ಮನ್ನಣೆ ಪಡೆಯಲಿಲ್ಲ. ಖಾಸಗಿ ಎರಕಕ್ಕೆ ನಿಷೇಧ ಬಂದುದು ಕ್ರಿ.ಪೂ. 144ರಲ್ಲಿ.

ವೂ ಚಕ್ರವರ್ತಿಯ ಮೊದಲ ಯತ್ನವು ವಿಫಲವಾಯಿತೆಂದೇ ಹೇಳಬೇಕು. ಷಿಯೊಂಗ್ನು ಯುದ್ಧಗಳಿಂದ ಬರಿದಾದ ಬೊಕ್ಕಸವನ್ನು ತುಂಬಲು ಕ್ರಿ.ಪೂ. 119ರಲ್ಲಿ ಒಂದು ಚದರ ಅಡಿಯ ಬಿಳಿಜಿಂಕೆಯ ಚರ್ಮಕ್ಕೆ 4 ಲಕ್ಷ ನಾಣ್ಯಗಳ ಬೆಲೆ ಕಟ್ಟಲಾಯಿತು. ಬೆಳ್ಳಿ-ತವರದ ನಾಣ್ಯಗಳೂ ಹೊರಬಂದುವು. ಬೆಲೆಗೂ ಲೋಹಕ್ಕೂ ಇದ್ದ ಅಂತರವೇ ಖೋಟಾಕಾರರಿಗೆ ಆಹ್ವಾನವಾಯಿತು. ಐದು ವರ್ಷಗಳಲ್ಲಿ ಈ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾಗಿ ಕ್ಷಮಾದಾನ ಪಡೆದವರೇ ಲಕ್ಷಗಟ್ಟಲೆ ಇದ್ದರೆಂದು ಹಾನ್ ಇತಿಹಾಸಕಾರರು ಹೇಳುತ್ತಾರೆ.

ಕ್ರಿ.ಪೂ. 118ರ 'ವೂಝು', ಎಂದರೆ 'ಐದು ಝು', ಇದಕ್ಕೆ ಪ್ರತಿಯಾದುದು. ಬರೆದುದೂ 5 ಝು, ಇದ್ದುದೂ 5 ಝು, ಸುಮಾರು 3.25 ಗ್ರಾಂ. ಅರೆದು ತಾಮ್ರ ಕದಿಯದಂತೆ ಅಂಚುಗಟ್ಟಲಾಗಿತ್ತು. ಆದರೂ ಪ್ರಾಂತಗಳು ಹೊಯ್ಯುತ್ತಿದ್ದಷ್ಟು ಕಾಲ ಗುಣಮಟ್ಟ ನಿಲ್ಲಲಿಲ್ಲ. ಕ್ರಿ.ಪೂ. 113ರಲ್ಲಿ ರಾಜಧಾನಿಯ ಶಾಂಗ್‌ಲಿನ್ ಉದ್ಯಾನದ ಕಮ್ಮಟಗಳಿಗೆ ಮಾತ್ರ ಅಧಿಕಾರವನ್ನು ಕಾದಿರಿಸಿ, ಹಳೆಯ ನಾಣ್ಯಗಳನ್ನು ಕರಗಿಸಲಾಯಿತು. ಅನಂತರ ಖೋಟಾ ನಾಣ್ಯದ ಖರ್ಚು ಅದರ ಬೆಲೆಯನ್ನು ಮೀರಿತು. ನುರಿತ ಕುಶಲಿಗಳು, ಮಹಾವಂಚಕರು ಮಾತ್ರ ಕೈಹಾಕುವಂತಾಯಿತು. ಶಿಕ್ಷೆಗೆ ಸಾಧ್ಯವಾಗದುದನ್ನು ಇಲ್ಲಿ ಲೆಕ್ಕಾಚಾರ ಸಾಧಿಸಿತೆಂದು ನಮ್ಮ ಅಭಿಪ್ರಾಯ. ಮುಂದಿನ ಸುಮಾರು 120 ವರ್ಷಗಳಲ್ಲಿ 2,800 ಕೋಟಿಗೂ ಹೆಚ್ಚು ನಾಣ್ಯಗಳು ತಯಾರಾದುವೆಂದು 'ಹಾನ್ ಶು' ದಾಖಲಿಸಿದೆ.

ವಾಂಗ್ ಮಾಂಗನು ಈ ಪಾಠವನ್ನು ಕೈಬಿಟ್ಟನು. ಕ್ರಿ.ಶ. 7ರ ಅವನ 12 ಝು ತೂಕದ ನಾಣ್ಯಕ್ಕೆ 50 ವೂಝುಗಳ, ಅಂದರೆ 250 ಝು ಲೋಹದ ಬೆಲೆ! ಕ್ರಿ.ಶ. 10ರಲ್ಲಿ ಚಿನ್ನ, ಬೆಳ್ಳಿ, ಆಮೆಚಿಪ್ಪು, ಕವಡೆ, ತಾಮ್ರಗಳ 28 ಬಗೆಗಳು ಬಂದುವು. ಶಿಕ್ಷೆಗೆ ಹೆದರದೆ ಪೇಟೆ ಗುಟ್ಟಾಗಿ ವೂಝುವನ್ನೇ ಬಳಸಿತು. ಕ್ರಿ.ಶ. 40ರಲ್ಲಿ ಗುವಾಂಗ್‌ವೂ ಚಕ್ರವರ್ತಿಯು ಅದನ್ನು ಮರಳಿ ತಂದನು.

ಅಡೆತಡೆಗಳ ನಡುವೆಯೂ ವೂಝು ಎಂಬ ಬರಹವು ಕ್ರಿ.ಶ. 621ರಲ್ಲಿ ತಾಂಗ್ ವಂಶದ 'ಕಾಯ್‌ಯುವಾನ್ ತೊಂಗ್‌ಬಾವ್' ಬರುವವರೆಗೆ ಬಾಳಿತು. ತೂಕದ ಹೆಸರು ನಾಣ್ಯದಿಂದ ಮರೆಯಾದುದು ಆಗ. ಏಳು ಶತಮಾನ ಮೀರಿ ಒಂದೇ ಬರಹವಿರುವಾಗ, ದಖ್ಖನಿನ ಯಾವುದೇ ನೆಲೆಯಲ್ಲಿ ದೊರೆಯುವ ಒಂಟಿ ವೂಝು ಆ ಪದರದ ಪ್ರಾಚೀನತೆಯ ಮೇಲ್ಮಿತಿಯನ್ನಷ್ಟೇ ಸೂಚಿಸಬಲ್ಲುದು. ಚಂದ್ರವಳ್ಳಿಯ ಕಾಲವನ್ನು ಅಲ್ಲಿನ ಶಾತವಾಹನ, ರೋಮನ್ ನಾಣ್ಯಗಳಿಂದಲೂ ಮಡಕೆಚೂರುಗಳಿಂದಲೂ ನಿರ್ಧರಿಸಿ, ಚೀನೀ ನಾಣ್ಯವನ್ನು ಅದರೊಳಗೆ ಇರಿಸಿ ನೋಡುವುದೇ ಸರಿಯಾದ ಕ್ರಮ.