ಪಾಸ್ಟರಮ್ಮನ ಪರ್ಸು ಬರಿದಾಗದಿರಲಿ

ಭಾನುವಾರ ಆರಾಧನೆ ಮುಗಿದ ಮೇಲೆ ನಗುನಗುತ್ತಾ ಎಲ್ಲರನ್ನೂ ವಿಚಾರಿಸಿಕೊಳ್ಳುವ ಪಾಸ್ಟರಮ್ಮನನ್ನು ನೋಡಿದರೆ ‘ಇವರಿಗೇನಪ್ಪ ಚಿಂತೆ? ಇರೋಕೆ ಮನೆ, ಹೋದಲ್ಲೆಲ್ಲ ಗೌರವ’ ಅಂತ ನಿಮಗೂ ಅನ್ನಿಸಿರಬಹುದು. ಆದರೆ ಆ ಮನೆ ಅವರದ್ದಲ್ಲ, ಸಭೆಯದ್ದು. ಯಜಮಾನರಿಗೆ ವರ್ಗವಾದರೆ, ನಿವೃತ್ತಿಯಾದರೆ, ದೇವರು ಕಾಪಾಡಲಿ, ಅಕಾಲದಲ್ಲಿ ಕಣ್ಮುಚ್ಚಿದರೆ ಬೀಗದ ಕೈ ಒಪ್ಪಿಸಿ ಹೊರಡಬೇಕು. ಎಲ್ಲಿಗೆ? ಈ ಪ್ರಶ್ನೆಗೆ ಉತ್ತರ ಹುಡುಕಿಡುವ ಕೆಲಸ ಹೆಚ್ಚಾಗಿ ಮನೆಯೊಡತಿಯ ಪಾಲಿಗೇ ಬರುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸಿಎಸ್‌ಐ ಸಭೆಗಳು ಮಂಗಳೂರಿನಲ್ಲಿ ಕಚೇರಿ ಇರುವ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿದವು. ಇಂದು ಗುಂಡ್ಲುಪೇಟೆಯಾದರೆ ನಾಳೆ ಮೈಸೂರೋ, ಮಡಿಕೇರಿಯೋ! ಸ್ವತಂತ್ರ ಸಭೆಗಳ ಪಾಸ್ಟರ್‌ಗಳಿಗೆ ವರ್ಗದ ಕಾಟ ಇಲ್ಲದಿರಬಹುದು, ಆದರೆ ಗೊತ್ತಾದ ಸಂಬಳವೂ ಇರೋದಿಲ್ಲ. ಚೆಂಡುಹೂವಿಗೆ, ಅರಿಶಿನಕ್ಕೆ ರೇಟು ಬಿದ್ದರೆ, ತೆರಕಣಾಂಬಿ ಮಾರುಕಟ್ಟೆಯಲ್ಲಿ ತರಕಾರಿ ಕೇಳೋರಿಲ್ಲದಿದ್ದರೆ ಕಾಣಿಕೆ ತಟ್ಟೆಯೂ ಹಗುರವಾಗುತ್ತೆ. ಹಾಗಾದರೆ ಏನು ಮಾಡಬಹುದು? ನೋಡೋಣ ಬನ್ನಿ.

ಎರಡು ಡಬ್ಬ ಬೇರೆ ಬೇರೆ ಇರಲಿ

ಸಭೆಯ ದುಡ್ಡು, ಮನೆಯ ದುಡ್ಡು ಒಂದೇ ಬೀರುವಿನಲ್ಲಿ, ಒಂದೇ ಖಾತೆಯಲ್ಲಿ ಬೇಡವೇ ಬೇಡ. ‘ನಾಳೆ ಹಾಕಿದರಾಯ್ತು’ ಅಂತ ಕಾಣಿಕೆಯಿಂದ ಗ್ಯಾಸ್ ಸಿಲಿಂಡರ್‌ಗೆ ತೆಗೆದ ದುಡ್ಡು ಮುಂದೆ ದೊಡ್ಡ ಮಾತಾಗುತ್ತೆ. ಕಾಣಿಕೆಯನ್ನು ಚರ್ಚ್‌ನಲ್ಲೇ ಇಬ್ಬರು ಕೂತು ಎಣಿಸಲಿ, ಪುಸ್ತಕದಲ್ಲಿ ಸಹಿ ಮಾಡಲಿ, ಖಜಾಂಚಿ ಬ್ಯಾಂಕಿಗೆ ಕಟ್ಟಲಿ. ನಿಮ್ಮವರ ಹೆಸರು ಉಳಿಯೋದು ಇದರಿಂದಲೇ.

ಕಡಿಮೆ ಬಂದ ತಿಂಗಳೇ ನಿಮ್ಮ ಸಂಬಳ

ಆದಾಯ ಏರುಪೇರಾಗುವ ಮನೆಯಲ್ಲಿ ಹೀಗೆ ಮಾಡಿ. ಕಳೆದ 12 ತಿಂಗಳಲ್ಲಿ ಎಷ್ಟೆಷ್ಟು ಬಂತು ಅಂತ ಬರೆದುಕೊಳ್ಳಿ. ಅತಿ ಕಡಿಮೆ ಬಂದ ತಿಂಗಳ ಮೊತ್ತದಲ್ಲಿ ರೇಷನ್ನು, ಹಾಲು, ಕರೆಂಟು ಬಿಲ್ಲು ಸಾಗುವಂತೆ ಲೆಕ್ಕ ಹಾಕಿ. ಕ್ರಿಸ್‌ಮಸ್, ಸುಗ್ಗಿ ಹಬ್ಬದ ಹೊತ್ತಿಗೆ ಹೆಚ್ಚು ಬಂದದ್ದನ್ನು ಜೂನ್ ತಿಂಗಳ ಶಾಲೆ ಫೀಸಿಗೆ ಎತ್ತಿಡಿ.

ಅತಿಥಿಗಳ ಖರ್ಚನ್ನೂ ಮರೆಯಬೇಡಿ. ಪಾಸ್ಟರ್ ಮನೆಗೆ ಬಂದವರಿಗೆ ಕಾಫಿಯಾದರೂ ಕೊಡಲೇಬೇಕು ತಾನೇ? ಅದಕ್ಕೇ ತಿಂಗಳಿಗೆ ಇಷ್ಟು ಅಂತ ತೆಗೆದಿಟ್ಟರೆ ಬಂದವರ ಮೇಲೆ ಸಿಡುಕುವ ಪ್ರಮೇಯ ಬರೋಲ್ಲ.

ಜಾಮೀನಿಗೆ ‘ಇಲ್ಲ’ ಅನ್ನಿ

ಪಾಸ್ಟರಮ್ಮ ಅಂದರೆ ನಂಬಿಕೆಯ ಹೆಸರು. ಅದಕ್ಕೇ ಸಾಲದ ಗುಂಪಿಗೆ ಸೇರಿ, ಜಾಮೀನು ಹಾಕಿ ಅಂತ ಕೇಳೋರು ಜಾಸ್ತಿ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟ ತಾಳಲಾರದೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೆನಪಿದೆಯಲ್ಲ? ಮರುತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ಕಡಿವಾಣ ಹಾಕಿತು. ಆದರೆ ಗುಂಪು ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ ಬರೋದು ಇದ್ದದ್ದೇ. ‘ನಿಮಗಾಗಿ ಪ್ರಾರ್ಥನೆ ಮಾಡ್ತೀವಮ್ಮ, ಸಹಿ ಮಾತ್ರ ಹಾಕೋಲ್ಲ’ ಅಂತ ಮೃದುವಾಗಿಯೇ ಹೇಳಿ. ದುಡ್ಡು ದುಪ್ಪಟ್ಟು ಮಾಡಿಕೊಡ್ತೀವಿ ಅನ್ನುವ ಸ್ಕೀಮನ್ನು ಸಭೆಯವರಿಗೆ ಪರಿಚಯಿಸಿ ಅಂತ ಬಂದವರಿಗೂ ಇದೇ ಉತ್ತರ.

ಚಿಕ್ಕ ಕಂತು, ದೊಡ್ಡ ಆಸರೆ

ನಿಮ್ಮ ಬ್ಯಾಂಕ್ ಅಥವಾ ಪೋಸ್ಟ್ ಆಫೀಸಿನಲ್ಲಿ ಇವುಗಳನ್ನು ವಿಚಾರಿಸಿ:

* ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ: 18ರಿಂದ 50 ವರ್ಷದವರು ಸೇರಬಹುದು. ವರ್ಷಕ್ಕೆ 436 ರೂ. ಕಟ್ಟಿದರೆ ವಿಮೆ ಮಾಡಿಸಿದವರು ತೀರಿಕೊಂಡಾಗ ಮನೆಯವರಿಗೆ 2 ಲಕ್ಷ ರೂ.
* ಪ್ರಧಾನಮಂತ್ರಿ ಸುರಕ್ಷಾ ವಿಮೆ: ವರ್ಷಕ್ಕೆ 20 ರೂ. ಮಾತ್ರ. ಅಪಘಾತದಲ್ಲಿ ಸಾವು ಸಂಭವಿಸಿದರೆ 2 ಲಕ್ಷ ರೂ. ರಾತ್ರಿ ಹೊತ್ತು ಬೈಕಿನಲ್ಲಿ ಪ್ರಾರ್ಥನಾ ಕೂಟಗಳಿಗೆ ಓಡಾಡುವ ಯಜಮಾನರಿಗೆ ಇದು ಬೇಕೇ ಬೇಕು.
* ಅಟಲ್ ಪಿಂಚಣಿ: 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಕಟ್ಟದವರಿಗೆ. 30ನೇ ವಯಸ್ಸಿಗೆ ಸೇರಿ ತಿಂಗಳಿಗೆ 577 ರೂ. ಕಟ್ಟುತ್ತಾ ಬಂದರೆ 60ರ ನಂತರ ತಿಂಗಳಿಗೆ 5,000 ರೂ. ಪಿಂಚಣಿ. ಗಂಡನ ನಂತರ ಹೆಂಡತಿಗೂ ಅಷ್ಟೇ ಬರುತ್ತದೆ. 40ಕ್ಕೆ ಸೇರಿದರೆ ಇದೇ ಪಿಂಚಣಿಗೆ ಕಂತು 1,454 ರೂ. ಆಗುತ್ತೆ. ತಡ ಮಾಡಿದಷ್ಟೂ ಭಾರ!
* ಸುಕನ್ಯಾ ಸಮೃದ್ಧಿ: ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಲ್ಲಿ. ವರ್ಷಕ್ಕೆ ಕನಿಷ್ಠ 250 ರೂ. ಸಾಕು.

ನಿಮಗೆ ನೀವೇ ಬಾಡಿಗೆ ಕೊಡಿ

ಸಭೆಯ ಮನೆಗೆ ಬಾಡಿಗೆ ಇಲ್ಲ. ಇದು ಉಳಿತಾಯಕ್ಕೆ ಸಿಕ್ಕ ಅವಕಾಶ. ಅಕ್ಕಪಕ್ಕದಲ್ಲಿ ಅಂಥ ಮನೆಗೆ ಬಾಡಿಗೆ ಎಷ್ಟಿದೆ ಕೇಳಿ. ಅದರ ಕಾಲು ಭಾಗವನ್ನಾದರೂ ಪ್ರತಿ ತಿಂಗಳು ಪೋಸ್ಟ್ ಆಫೀಸ್ ಆರ್‌.ಡಿ.ಗೆ ಕಟ್ಟಿ. ತಿಂಗಳಿಗೆ 1,000 ರೂ. ಅಂದರೂ ಐದು ವರ್ಷಕ್ಕೆ ಅಸಲೇ 60,000 ರೂ. ಆಗುತ್ತೆ, ಬಡ್ಡಿ ಬೇರೆ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ 2,000 ರೂ. ನಿಮಗೆ ಬರುತ್ತಿದ್ದರೆ ಅದರಲ್ಲಿ ಅರ್ಧ ಇದಕ್ಕಿರಲಿ. ವರ್ಗವಾದಾಗ ರೇಷನ್ ಕಾರ್ಡಿನ ವಿಳಾಸ ಬದಲಿಸೋದು ಮರೆಯಬೇಡಿ.

ಮುಂದೆ ಸೈಟು ಕೊಳ್ಳುವಾಗ ‘ಅಗ್ಗಕ್ಕೆ ಸಿಗುತ್ತೆ’ ಅಂತ ಮುಗಿಬೀಳಬೇಡಿ. ಭೂ ಪರಿವರ್ತನೆ ಆಗಿದೆಯಾ, ಇ-ಖಾತಾ ಇದೆಯಾ ನೋಡಿ. ಪತ್ರದಲ್ಲಿ ನಿಮ್ಮ ಹೆಸರೂ ಇರಲಿ.

ನಾಮಿನಿಯೇ ವಾರಸುದಾರರಲ್ಲ

ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಬ್ಯಾಂಕ್ ಖಾತೆಗೆ ನಾಮಿನಿ ಆದವರು ಹಣವನ್ನು ಪಡೆದುಕೊಳ್ಳುವವರು ಅಷ್ಟೆ. ಅದು ಕೊನೆಗೆ ಯಾರಿಗೆ ಸೇರಬೇಕು ಅನ್ನೋದನ್ನು ವಾರಸಾ ಕಾನೂನೋ, ಉಯಿಲೋ ಹೇಳುತ್ತದೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಗಂಡು, ಹೆಣ್ಣು ಅನ್ನುವ ಭೇದವಿಲ್ಲ, ಸಮಪಾಲು. ಮಕ್ಕಳಿದ್ದರೆ ವಯಸ್ಸಾದ ಅತ್ತೆ ಮಾವನಿಗೆ ಈ ಕಾನೂನಿನಡಿ ಪಾಲಿಲ್ಲ. ಅವರಿಗೂ ಒಂದಷ್ಟು ಇರಲಿ ಅನ್ನಿಸಿದರೆ ಉಯಿಲು ಬರೆಯಲೇಬೇಕು.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಎಚ್ಚರಿಕೆ: ಆಸ್ತಿ ಪಡೆಯುವವರಾಗಲಿ, ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದ ಪಾಲು ಅನೂರ್ಜಿತವಾಗುತ್ತೆ. ಹಾಗಾಗಿ ಹೊರಗಿನವರನ್ನು ಕರೆಯಿರಿ.

ನಿಮ್ಮ ಮನಸ್ಸಿಗೂ ಉಳಿತಾಯ ಬೇಕು

ಊರಿನ ಗೋಳನ್ನೆಲ್ಲ ಕೇಳುವ ನಿಮ್ಮ ಗೋಳು ಕೇಳೋರು ಯಾರು? ಸಭೆಯ ಹೊರಗೆ ಒಬ್ಬ ಗೆಳತಿಯನ್ನು ಉಳಿಸಿಕೊಳ್ಳಿ. ವಾರದಲ್ಲಿ ಒಂದು ಸಂಜೆ ಫೋನ್ ಪಕ್ಕಕ್ಕಿಟ್ಟು ಮನೆಯವರೆಲ್ಲ ಒಟ್ಟಿಗೆ ಊಟ ಮಾಡಿ. ‘ಪಾಸ್ಟರ್ ಮಕ್ಕಳಾಗಿ ಹೀಗಾ?’ ಅಂತ ಮಕ್ಕಳನ್ನು ಎಲ್ಲರೆದುರು ಗದರಬೇಡಿ. ಟೈಲರಿಂಗೋ, ಟ್ಯೂಷನ್ನೋ ಗೊತ್ತಿದ್ದರೆ ಬಿಡಬೇಡಿ, ಅದು ಯಾವ ಊರಿಗೆ ವರ್ಗವಾದರೂ ಜೊತೆಗೆ ಬರುತ್ತೆ.

ನೀವು ಪಾಸ್ಟರಮ್ಮ ಅಲ್ಲದೆ ಸಭೆಯ ಸದಸ್ಯೆಯಾಗಿದ್ದರೆ ಮುಂದಿನ ಸಮಿತಿ ಸಭೆಯಲ್ಲಿ ‘ನಮ್ಮ ಸಭಾಪಾಲಕರ ಹೆಸರಲ್ಲಿ ವಿಮೆ ಇದೆಯಾ? ಪಿಂಚಣಿಗೆ ಏನಾದರೂ ಕಟ್ಟುತ್ತಿದ್ದೀವಾ?’ ಅಂತ ಕೇಳಿ. ಪಾಸ್ಟರಮ್ಮ ತಾವಾಗಿ ಕೇಳೋಕೆ ಸಂಕೋಚಪಡುವ ಮಾತಿದು. ಇನ್ನು ನೀವೇ ಪಾಸ್ಟರಮ್ಮ ಆಗಿದ್ದರೆ ಈ ವಾರವೇ ಯಜಮಾನರ ಜೊತೆ ಕೂತು ಪಾಸ್‌ಬುಕ್ಕುಗಳನ್ನೆಲ್ಲ ತೆಗೆಸಿ, ನಾಮಿನಿ ಜಾಗದಲ್ಲಿ ಯಾರ ಹೆಸರಿದೆ ಅಂತ ಮೊದಲು ನೋಡಿ.