ಹೊಟ್ಟೆಯೇ ಇಲ್ಲದ ಮಿಂಚು

ನೋಡಿ, ನೋಡಿ, ಈಗ! ಅಯ್ಯೋ, ತಪ್ಪಿಹೋಯಿತು. ಇರಲಿ, ಕಣ್ಣು ತೆಗೆಯಬೇಡಿ, ಇನ್ನೊಮ್ಮೆ ಮಾಡುತ್ತದೆ. ಏಳೇ ಸೆಂಟಿಮೀಟರ್ ಉದ್ದದ ಕಿತ್ತಳೆಗೆಂಪಿನ ಗಂಡು ಮೀನೊಂದು ಹವಳಗಳ ಮೇಲ್ಗಡೆ ತನ್ನ ಪಾಡಿಗೆ ಈಜಾಡಿಕೊಂಡಿದೆ. ಮೈಯುದ್ದಕ್ಕೂ ತೆಳುವಾದ ನೀಲಿ ಗೆರೆಗಳು, ಬೆನ್ನಿನ ಈಜುರೆಕ್ಕೆಯಿಂದ ಹಿಂದಕ್ಕೆ ಚಾಚಿದ ಒಂದೇ ಒಂದು ಎಳೆ. ಎದುರಿಗೆ ಹೆಣ್ಣೊಂದು ಹಾದುಹೋಯಿತು, ಅಷ್ಟೇ ಸಾಕು! ಮಡಚಿಕೊಂಡಿದ್ದ ರೆಕ್ಕೆಗಳೆಲ್ಲ ಫಟ್ಟನೆ ನಿಮಿರಿದವು, ಪುಟ್ಟ ಮೀನು ನೋಡನೋಡುತ್ತ ದೊಡ್ಡದಾಯಿತು, ಗೆರೆಗಳು ಕಣ್ಣು ಕೋರೈಸುವ ನೀಲಿಗೆ ತಿರುಗಿದವು. ಹೆಣ್ಣಿನ ಮುಂದೆ ಸರ್ರನೆ ಹಾದು, ತಿರುಗಿ ಮತ್ತೆ ಹಾದು, ಎಲ್ಲವನ್ನೂ ಮಡಚಿಕೊಂಡು ಏನೂ ಆಗದವರ ಹಾಗೆ ಹೊರಟೇಹೋಯಿತು!

ಇದರ ಹೆಸರು ಮೆಕಾಸ್ಕರ್ ಫ್ಲ್ಯಾಶರ್ ರ‍್ಯಾಸ್. ನಮ್ಮ ಹಿಂದೂ ಮಹಾಸಾಗರದ ಮೀನೇ. ಪೂರ್ವ ಆಫ್ರಿಕಾದ ಕಡಲಿನಿಂದ ಮಾಲ್ದೀವ್ಸ್ ಹಾದು ಅಂಡಮಾನ್ ಸಮುದ್ರದವರೆಗೆ ಹವಳದ ದಿಬ್ಬಗಳ ಬುಡದಲ್ಲಿ, ಹವಳದ ಚೂರುಗಳು ಹರಡಿ ಬಿದ್ದಿರುವ ಕಡೆ ಇದರ ಸಂಸಾರ. ವಿಜ್ಞಾನ ಇದನ್ನು ಗುರುತಿಸಿ ಹೆಸರಿಟ್ಟದ್ದು 1977ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಆಗಲೇ ಎಂಟು ವರ್ಷವಾಗಿತ್ತು!

ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರ ಆಸೆ ಎಲ್ಲ ಕಡೆ ಒಂದೇ: ಗಾಜಿನೊಳಗೆ ಇಂಥ ಓಡಾಟ ಕಾಣಬೇಕು. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬರುವಂತೆ ಸಾಲ್ಟ್ ಕಲಸಿ, ಉಷ್ಣಾಂಶವನ್ನು 25-26 ಡಿಗ್ರಿಯಲ್ಲಿ ನಿಲ್ಲಿಸಿ, ಅಮೋನಿಯಾವನ್ನು ನೈಟ್ರೈಟ್ ಮಾಡಿ ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ನೆಲೆಯೂರಲೆಂದು ವಾರಗಟ್ಟಲೆ ಖಾಲಿ ನೀರನ್ನೇ ನೋಡುತ್ತ ಕೂತಿರುತ್ತಾರೆ. ಆಮೇಲೆ ಹವಳ ಬರುತ್ತದೆ. ಅದು ಪ್ರಾಣಿಯೇ ಹೌದು, ಆದರೆ ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಕ್ಲೌನ್ ಮೀನಿನ ಜೋಡಿ ಬಂದರೆ ಒಂದು ಮೂಲೆ ಹಿಡಿದು ಅಲ್ಲೇ ಬಾಲ ಕುಣಿಸುತ್ತದೆ. ಫೈರ್‌ಫಿಶ್ ಚೆಲುವೆ, ನಿಜ, ಆದರೆ ತನ್ನ ಬಿಲದ ಬಾಯಲ್ಲೇ ತೇಲುತ್ತ ನಿಂತು ಯಾರಾದರೂ ಸೀನಿದರೂ ಒಳಗೆ ಮಾಯ. ಆಗ ಶುರುವಾಗುತ್ತದೆ ಹುಡುಕಾಟ: ಸಣ್ಣದಿರಬೇಕು, ಹವಳಕ್ಕೆ ಬಾಯಿ ಹಾಕಬಾರದು, ದಿನವಿಡೀ ಓಡಾಡುತ್ತಿರಬೇಕು. ಅಂಥ ಮೀನು ಯಾವುದು?

ಅಂಗಡಿಯಲ್ಲಿ ಮೊದಲು ಕಣ್ಣು ಬೀಳುವುದು ಬ್ಲೂ ಟ್ಯಾಂಗ್ ಮರಿಯ ಮೇಲೆ, ಡೋರಿ ಎಂದು ಮಕ್ಕಳು ಕುಣಿಯುವ ಮೀನು. ಬೇಡ. ಬೆಳೆದರೆ 30 ಸೆಂಟಿಮೀಟರ್ ಮುಟ್ಟುತ್ತದೆ, ಮೀಟರುಗಟ್ಟಲೆ ಗಾಜಿದ್ದರೂ ಅದಕ್ಕೆ ಸಾಲದು.

ಪಕ್ಕದ ತೊಟ್ಟಿಯಲ್ಲಿ ನೀಲಿ ಡ್ಯಾಮ್ಸೆಲ್. ಈ ನೀಲಿಯ ಗುಟ್ಟು ಗೊತ್ತೇ? ಆ ಮೈಯಲ್ಲಿ ನೀಲಿ ಬಣ್ಣ ಎಂಬುದೇ ಇಲ್ಲ! ಚರ್ಮದ ಕೋಶಗಳೊಳಗೆ ಗ್ವಾನಿನ್ ಎಂಬ ವಸ್ತುವಿನ ಅತಿ ತೆಳುವಾದ ಹರಳುಹಾಳೆಗಳು ಒಂದರ ಮೇಲೊಂದು ಪೇರಿಕೊಂಡಿವೆ. ಹಾಳೆಗಳ ನಡುವಿನ ಅಂತರ ಬೆಳಕಿನಿಂದ ನೀಲಿಯನ್ನಷ್ಟೇ ಆರಿಸಿ ಹಿಂದಕ್ಕೆ ಕಳಿಸುತ್ತದೆ. ಇನ್ನೂ ಕೇಳಿ, ಆ ಅಂತರವನ್ನು ಮೀನು ತನ್ನ ನರಗಳ ಮೂಲಕ ಹೆಚ್ಚುಕಡಿಮೆ ಮಾಡಿಕೊಳ್ಳಬಲ್ಲದು. ಭಯವಾದರೆ ಬಣ್ಣವೇ ಬೇರೆ! ಆದರೆ ಗುಣ? ಗುಣ ಮಾತ್ರ ಕೇಳಬೇಡಿ. ತನ್ನ ಗಡಿ ಎಂದು ಗೆರೆ ಎಳೆದುಕೊಂಡಿತೆಂದರೆ ಮೂರು ಪಟ್ಟು ದೊಡ್ಡ ಮೀನನ್ನೂ ಅಟ್ಟಾಡಿಸುತ್ತದೆ. ಅದರ ಚುರುಕೆಲ್ಲ ಜಗಳಕ್ಕೇ ಮೀಸಲು. ಆರು ಗೆರೆಯ ಸಿಕ್ಸ್‌ಲೈನ್ ರ‍್ಯಾಸ್ ಕೂಡ ಹೀಗೇ. ಸಂದಿಗೊಂದಿಗಳಲ್ಲಿ ನುಸುಳಿ ಹವಳಕ್ಕೆ ಹತ್ತುವ ಚಪ್ಪಟೆ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ, ಉಪಕಾರಿ. ಆದರೆ ಒಮ್ಮೆ ಬೇರೂರಿದ ಮೇಲೆ ಹೊಸದಾಗಿ ಬಂದವರ ಪಾಲಿಗೆ ಯಮ.

ಹಾಗಾದರೆ ಕ್ಲೀನರ್ ರ‍್ಯಾಸ್? ಓಡಾಟಕ್ಕೆ ಅದನ್ನು ಮೀರಿಸುವವರಿಲ್ಲ. ಬೇರೆ ಮೀನುಗಳ ಮೈ, ಕಿವಿರು, ಕೊನೆಗೆ ಬಾಯೊಳಗೂ ಹೊಕ್ಕು ಪರೋಪಜೀವಿಗಳನ್ನು ಹೆಕ್ಕುವ ವೈದ್ಯ ಇದು. ಆಸ್ಟ್ರೇಲಿಯಾದ ವಿಜ್ಞಾನಿ ಅಲೆಕ್ಸಾಂಡ್ರಾ ಗ್ರಟರ್ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಲೆಕ್ಕ ಹಾಕಿದರು. ಒಂದೇ ಮೀನು ದಿನಕ್ಕೆ 2,000ಕ್ಕೂ ಹೆಚ್ಚು ಸಲ ಗಿರಾಕಿಗಳನ್ನು ಪರೀಕ್ಷಿಸುತ್ತದೆ, ಸುಮಾರು 1,200 ಪರೋಪಜೀವಿಗಳನ್ನು ತಿನ್ನುತ್ತದೆ! 2019ರಲ್ಲಿ ಜಪಾನಿನ ಮಸನೋರಿ ಕೊಹ್ಡಾ ತಂಡ ಇನ್ನೂ ವಿಚಿತ್ರವಾದದ್ದನ್ನು ಪ್ರಕಟಿಸಿತು. ಈ ಮೀನಿನ ಗಂಟಲ ಮೇಲೆ ಕಂದು ಚುಕ್ಕೆಯೊಂದನ್ನು ಇಟ್ಟು ಕನ್ನಡಿ ತೋರಿಸಿದಾಗ, ಅದು ಕನ್ನಡಿಯಲ್ಲಿ ನೋಡಿಕೊಂಡು ಹೋಗಿ ತನ್ನ ಗಂಟಲನ್ನೇ ನೆಲಕ್ಕೆ ಉಜ್ಜಿಕೊಂಡಿತು. ಅದಕ್ಕೆ ತಾನು ಯಾರೆಂದು ಗೊತ್ತೇ? ವಿಜ್ಞಾನಿಗಳ ನಡುವೆ ಈ ಬಗ್ಗೆ ಜಗ್ಗಾಟ ನಡೆದೇ ಇದೆ. ಇಷ್ಟೆಲ್ಲ ಬೆರಗಿನ ಮೀನನ್ನು ಮನೆಗೆ ತಂದರೆ ಏನಾಗುತ್ತದೆ? ನಾಲ್ಕೈದು ಮೀನಿರುವ ತೊಟ್ಟಿಯಲ್ಲಿ ದಿನಕ್ಕೆ 2,000 ರೋಗಿಗಳು ಎಲ್ಲಿಂದ ಬರಬೇಕು! ಬಹಳಷ್ಟು ಕ್ಲೀನರ್‌ಗಳು ಹಸಿವಿನಿಂದ ಸೊರಗಿ ಸಾಯುತ್ತವೆ.

ಇಲ್ಲಿಗೆ ಬಂದಾಗಲೇ ನನಗೆ ವಿಷಯ ಹೊಳೆದದ್ದು. ಮೀನಿನ ಚುರುಕು ಎಂದರೆ ಅದರ ಉದ್ಯೋಗ. ಯಾವ ಕೆಲಸಕ್ಕಾಗಿ ಅದು ಓಡಾಡುತ್ತಿದೆಯೋ ಆ ಕೆಲಸವನ್ನು ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಕೊಡಲು ಸಾಧ್ಯವೇ ಎಂದು ಕೇಳಿದರೆ, ಉತ್ತರ ನೇರವಾಗಿ ನಮ್ಮ ಕಿತ್ತಳೆ ಮೀನಿನ ಹತ್ತಿರ ಕರೆದೊಯ್ಯುತ್ತದೆ.

ಅದರ ಉದ್ಯೋಗವೇನು? ನೀರಿನಲ್ಲಿ ತೇಲಿಬರುವ ಪ್ಲಾಂಕ್ಟನ್ ಜೀವಿಗಳನ್ನು ಒಂದೊಂದಾಗಿ ಗುರಿಯಿಟ್ಟು ಹಿಡಿಯುವುದು. ಬೆಳಗಿಂದ ಸಂಜೆಯವರೆಗೆ ಅದೇ ಕೆಲಸ. ಯಾಕೆ ಗೊತ್ತೇ? ಅದಕ್ಕೆ ಹೊಟ್ಟೆಯೇ ಇಲ್ಲ! ತಮಾಷೆಯಲ್ಲ. ನಮ್ಮ ಜಠರದಂಥ ಚೀಲ ರ‍್ಯಾಸ್ ಮೀನುಗಳಿಗೆ ಇಲ್ಲ. ನುಂಗಿದ್ದು ಗಂಟಲಿನಿಂದ ಸೀದಾ ಕರುಳಿಗೆ. ಒಂದು ಹೊತ್ತು ಗಡದ್ದಾಗಿ ತಿಂದು ಬಿದ್ದುಕೊಳ್ಳುವ ಭಾಗ್ಯ ಅವಕ್ಕಿಲ್ಲ. ಸ್ವಲ್ಪ ತಿನ್ನು, ಓಡು, ಮತ್ತೆ ಸ್ವಲ್ಪ ತಿನ್ನು. ಅದರ ಮೇಲೆ ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆ! ಮುಂದಿನ ಬಾಯಿ ಹಿಡಿಯಲು, ಒಳಗಿನ ಬಾಯಿ ಅರೆಯಲು. ಎರಡು ಬಾಯಿಯಿಟ್ಟು ಹೊಟ್ಟೆ ಕೊಡದ ಸೃಷ್ಟಿಯ ತಮಾಷೆಗೆ ಏನೆನ್ನಬೇಕೋ ತಿಳಿಯದು.

ಈಗ ಅದು ಈಜುವುದನ್ನು ನೋಡಿ. ಬಾಲ ಅಲ್ಲಾಡುತ್ತಲೇ ಇಲ್ಲ! ಮೀನೆಂದರೆ ಬಾಲ ಬೀಸಿ ಮುನ್ನುಗ್ಗುವುದು ಎಂದುಕೊಂಡಿದ್ದ ನಾವು ಬೆಪ್ಪರಾಗಬೇಕು. ರ‍್ಯಾಸ್ ಬಳಗ ಕಿವಿರಿನ ಹಿಂದಿನ ಎರಡು ರೆಕ್ಕೆಗಳನ್ನು ಬಡಿಯುತ್ತ ಸಾಗುತ್ತದೆ, ಬಾಲವೇನಿದ್ದರೂ ತಿರುವಿಗೆ, ಪ್ರಾಣಭಯದ ಓಟಕ್ಕೆ. ಈ ಬಳಗದಲ್ಲಿ ಕೆಲವು ರೆಕ್ಕೆಯನ್ನು ಹಿಂದೆಮುಂದೆ ಬೀಸಿ ಹುಟ್ಟು ಹಾಕಿದರೆ, ಕೆಲವು ಮೇಲೆಕೆಳಗೆ ಬಡಿದು ನೀರಿನಲ್ಲಿ ಹಾರುತ್ತವೆ. ಹಾರುವುದರಲ್ಲೇ ಶಕ್ತಿಯ ಉಳಿತಾಯ ಹೆಚ್ಚು ಎಂದು ಅಮೆರಿಕದ ಜೆಫ್ರಿ ವಾಕರ್ ಮತ್ತು ಮಾರ್ಕ್ ವೆಸ್ಟ್‌ನೀಟ್ 2000ದಲ್ಲಿ ತೋರಿಸಿಕೊಟ್ಟರು. 500ಕ್ಕೂ ಹೆಚ್ಚು ಜಾತಿಗಳ ದೊಡ್ಡ ಬಳಗವಿದು. ಎರಡು ಮೀಟರ್‌ವರೆಗೆ ಬೆಳೆಯುವ ನೆಪೋಲಿಯನ್ ರ‍್ಯಾಸ್ ಕೂಡ ಇದೇ ಮನೆತನ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮುಳುಗು ಹಾಕಿದವರು ಇವರ ನೆಂಟರನ್ನು ಕಂಡೇ ಇರುತ್ತಾರೆ, ರೆಕ್ಕೆ ಬಡಿತವನ್ನು ಗಮನಿಸಿರಲಿಕ್ಕಿಲ್ಲ, ಅಷ್ಟೆ. (ನೋಡಿ ಬನ್ನಿ, ತರಬೇಡಿ. ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಒಂದು ತುಂಡು ಮುರಿದು ತಂದರೂ ಅಪರಾಧ.)

ಬಣ್ಣದ ಕತೆ ಇನ್ನೂ ಮುಗಿದಿಲ್ಲ! ಕಡಲಿನಲ್ಲಿ ಇಳಿದಂತೆಲ್ಲ ಮೊದಲು ಅಳಿಯುವುದು ಕೆಂಪು. ಹತ್ತಿಪ್ಪತ್ತು ಮೀಟರ್ ಕೆಳಗೆ ಉಳಿಯುವುದು ನೀಲಿಹಸಿರು ಬೆಳಕಷ್ಟೇ. ಅಂಥಲ್ಲಿ ಕಡುಗೆಂಪಿನಲ್ಲಿ ಮಾತಾಡುವ ಮೀನು ಇರುತ್ತದೆಯೇ? ಇದೆ! ಫ್ಲ್ಯಾಶರ್‌ಗಳ ಹತ್ತಿರದ ಸಂಬಂಧಿಗಳಾದ ಫೇರಿ ರ‍್ಯಾಸ್‌ಗಳಲ್ಲಿ ಒಂದು ಜಾತಿಯ ಮೈ ಬಿದ್ದ ಬೆಳಕನ್ನು ಹೀರಿ ಕಡುಗೆಂಪಾಗಿ ಹೊರಸೂಸುತ್ತದೆ. 2014ರಲ್ಲಿ ಜರ್ಮನಿಯ ಸಂಶೋಧಕರು ಗಂಡುಗಳಿಗೆ ಕನ್ನಡಿ ಹಿಡಿದರು. ಆ ಕೆಂಪು ಕಾಣುವಂತಿದ್ದಾಗ ತಮ್ಮದೇ ಬಿಂಬದ ಮೇಲೆ ಅವು ಹೆಚ್ಚು ರೇಗಿದವು, ಕೆಂಪನ್ನು ಫಿಲ್ಟರ್‌ನಿಂದ ಮರೆಮಾಡಿದಾಗ ರೇಗಾಟ ಇಳಿಯಿತು. ಅಂದರೆ ಅವುಗಳಿಗೆ ಆ ಬಣ್ಣ ಕಾಣುತ್ತಿದೆ!

ಈ ಫೇರಿ ಬಳಗದಲ್ಲೇ 2022ರಲ್ಲಿ ನಡೆದ ಪ್ರಸಂಗವೊಂದಿದೆ. ಮಾಲ್ದೀವ್ಸ್‌ನಲ್ಲಿ ಆಳದ ಹವಳದ ನಡುವೆ ಗುಲಾಬಿ ಬಣ್ಣದ ಒಂದು ಮೀನು. ದಶಕಗಳಿಂದ ಎಲ್ಲರೂ ನೋಡಿದ್ದರು, ಚಾಗೋಸ್ ದ್ವೀಪಗಳ ಇನ್ನೊಂದು ಜಾತಿಯೇ ಇದು ಎಂದು ಸುಮ್ಮನಿದ್ದರು. ವಿಜ್ಞಾನಿಗಳಾದ ಯಿ-ಕಾಯ್ ಟೀ, ಮಾಲ್ದೀವ್ಸ್‌ನವರೇ ಆದ ಅಹಮದ್ ನಜೀಬ್ ಮತ್ತು ಸಂಗಡಿಗರು ಹುರುಪೆ ಎಣಿಸಿ, ಡಿಎನ್‌ಎ ಹೋಲಿಸಿ ಇದು ಬೇರೆಯೇ ಎಂದು ಸಾಧಿಸಿ ಸಿರಿಲಾಬ್ರಸ್ ಫಿನಿಫೆನ್ಮಾ ಎಂದು ಹೆಸರಿಟ್ಟರು. ಹೆಸರಿಡುವ ಹೊತ್ತಿಗೆ ಆ ಮೀನು ಅಕ್ವೇರಿಯಂ ವ್ಯಾಪಾರದಲ್ಲಿ ಓಡಾಡುತ್ತಿತ್ತು! ವಿಜ್ಞಾನಕ್ಕಿಂತ ಮೊದಲೇ ಅಂಗಡಿಗೆ ಬಂದುಬಿಟ್ಟಿದ್ದ ಮೀನು. ಇದನ್ನು ಓದಿ ಮೈ ಜುಮ್ಮೆಂದರೂ ಜೊತೆಗೆ ಸ್ವಲ್ಪ ಕಸಿವಿಸಿಯೂ ಆಗದಿರಲಿಲ್ಲ.

ರಾತ್ರಿ ಏನು ಮಾಡುತ್ತದೆ ಇಷ್ಟು ಓಡಾಡಿದ ಜೀವ? ಕಲ್ಲಿನ ಸಂದಿಗೆ ಸೇರಿ, ತನ್ನದೇ ಲೋಳೆಯಿಂದ ಮೈಸುತ್ತ ಒಂದು ಪಾರದರ್ಶಕ ಗೂಡು ಕಟ್ಟಿಕೊಂಡು ಒಳಗೆ ಮಲಗುತ್ತದೆ. ಮೊದಲ ಸಲ ಟಾರ್ಚ್ ಬಿಟ್ಟು ಕಂಡವರು ಮೀನಿಗೆ ರೋಗ ಹತ್ತಿತೆಂದು ಹೌಹಾರುತ್ತಾರೆ. ಈ ಗೂಡು ಯಾತಕ್ಕೆ? ಉತ್ತರ ಹುಡುಕಿದವರಲ್ಲಿ ಮತ್ತೆ ಅದೇ ಅಲೆಕ್ಸಾಂಡ್ರಾ ಗ್ರಟರ್! ರ‍್ಯಾಸ್‌ಗಳ ಒಡಹುಟ್ಟುಗಳಾದ ಗಿಳಿಮೀನುಗಳೂ ಹೀಗೆ ಗೂಡು ಕಟ್ಟುತ್ತವೆ. ಅವರ ತಂಡ ಮಲಗಿದ್ದ ಗಿಳಿಮೀನುಗಳಲ್ಲಿ ಕೆಲವಕ್ಕೆ ಗೂಡು ಬಿಡಿಸಿ, ರಾತ್ರಿ ಹೊತ್ತು ರಕ್ತ ಹೀರುವ ನ್ಯಾತಿಯಿಡ್ ಹುಳುಗಳನ್ನು ಬಿಟ್ಟು ನೋಡಿತು. ಗೂಡಿಲ್ಲದವು ಎಷ್ಟೋ ಹೆಚ್ಚು ಕಚ್ಚಿಸಿಕೊಂಡವು. ಅದು ಸೊಳ್ಳೆಪರದೆ! ಹಗಲು ಕ್ಲೀನರ್ ವೈದ್ಯ ಹೆಕ್ಕುವ ಹುಳುಗಳೂ ಬಹುಪಾಲು ಇವೇ, ರಾತ್ರಿ ವೈದ್ಯ ಮಲಗಿರುವುದರಿಂದ ಸ್ವಂತ ಏರ್ಪಾಡು. ನಾವು ಅಂಗಡಿಯಲ್ಲಿ ಕೊಂಡು ಮೂಲೆಗೆ ಮೊಳೆ ಹೊಡೆದು ಕಟ್ಟುವುದನ್ನು ಇದು ದಿನಾ ರಾತ್ರಿ ಹೊಸದಾಗಿ ನೇಯ್ದುಕೊಳ್ಳುತ್ತದೆ.

ತರುವುದೆಂದು ನಿರ್ಧರಿಸಿದ್ದರೆ ಕೆಲವು ಮಾತು. ಇನ್ನೂರು ಲೀಟರಿನ ಆಸುಪಾಸಿನ ತೊಟ್ಟಿಯಿರಲಿ, ಮೇಲೆ ಸಣ್ಣ ಕಣ್ಣಿನ ಬಲೆ ಬಿಗಿಯಾಗಿ ಮುಚ್ಚಿರಲಿ. ಬೆದರಿದರೆ ಇದು ನೀರಿನಿಂದ ಎಗರುತ್ತದೆ, ಬೆಳಿಗ್ಗೆ ನೆಲದ ಮೇಲೆ ಒಣಗಿ ಸಿಗುತ್ತದೆ. ಮೀನು ಕಳೆದುಕೊಳ್ಳಲು ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಹೊಟ್ಟೆಯಿಲ್ಲದ ಮೀನಿಗೆ ದಿನಕ್ಕೊಂದು ಊಟ ಸಾಲದು. ಮೈಸಿಸ್, ಆರ್ಟೀಮಿಯಾ, ಕೋಪೆಪಾಡ್‌ನಂಥ ಪುಟ್ಟ ಜೀವಿಗಳು, ಏನೇ ಆದರೂ ಚೂರುಚೂರಾಗಿ ಎರಡು ಮೂರು ಸಲ ಕೊಡಿ. ಕ್ಲೌನ್ ಮೀನುಗಳಾದರೆ ಮೊಟ್ಟೆಯೊಡೆದದ್ದೇ ಮರಿಕೇಂದ್ರಗಳಲ್ಲಿ, ತಮಿಳುನಾಡಿನ ಮಂಡಪಂನಲ್ಲಿರುವ ನಮ್ಮ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಅವನ್ನು ಬೆಳೆಸಿದೆ. ಫ್ಲ್ಯಾಶರ್‌ಗಳು ಸಾಮಾನ್ಯವಾಗಿ ಕಡಲಲ್ಲಿ ಹಿಡಿದವು. ಹಾಗಾಗಿ ದುಡ್ಡು ಎಣಿಸುವ ಮೊದಲು ಅಂಗಡಿಯವರಿಗೆ ನಿಮ್ಮೆದುರೇ ಆಹಾರ ಹಾಕಲು ಹೇಳಿ. ಧಾವಿಸಿ ಬಂದು ಬಾಯಿ ಹಾಕಿದರೆ ಮಾತ್ರ ಮುಂದಿನ ಮಾತು. ಮೂಲೆಯಲ್ಲಿ ಏದುಸಿರು ಬಿಡುತ್ತ ನಿಂತದ್ದನ್ನು ಕನಿಕರದಿಂದ ತರಬೇಡಿ.

ಅಂಗಡಿಯವರು ಗಂಡನ್ನೇ ತೋರಿಸುತ್ತಾರೆ, ಬಣ್ಣವೆಲ್ಲ ಅದರಲ್ಲೇ ಇರುವುದರಿಂದ. ಒಂಟಿ ಗಂಡು ಯಾರಿಗಾಗಿ ಹೊಳೆಯಬೇಕು? ನೋಡುವವರಿಲ್ಲದೆ ಬರಬರುತ್ತ ಮಂಕಾಗುವುದುಂಟು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಎಂದು ಪಟ್ಟು ಹಿಡಿಯಿರಿ. ಹೆಣ್ಣುಗಳು ಮಾತ್ರ ಸಿಕ್ಕವೇ? ಚಿಂತೆಯಿಲ್ಲ! ಈ ಬಳಗದಲ್ಲಿ ಗಂಡಿಲ್ಲದಿದ್ದರೆ ಹೆಣ್ಣುಗಳಲ್ಲೊಂದು ಗಂಡಾಗುತ್ತದೆ. ಕ್ಲೀನರ್ ರ‍್ಯಾಸ್‌ಗಳಲ್ಲಿ ಇದನ್ನು ರಾಬರ್ಟ್‌ಸನ್ ಎಂಬ ವಿಜ್ಞಾನಿ 1972ರಲ್ಲೇ ವರದಿ ಮಾಡಿದರು. ಯಜಮಾನ ಸತ್ತ ಕೆಲವೇ ಗಂಟೆಗಳಲ್ಲಿ ಹಿರಿಯ ಹೆಣ್ಣು ಅವನ ಗತ್ತಿನಲ್ಲಿ ಗಡಿ ಸುತ್ತತೊಡಗುತ್ತದೆ, ಎರಡು ಮೂರು ವಾರದೊಳಗೆ ವೀರ್ಯವನ್ನೂ ಉತ್ಪಾದಿಸುತ್ತದೆ! ಫ್ಲ್ಯಾಶರ್‌ಗಳು ಇನ್ನೂ ನಿಧಾನಿಸಬಹುದು. ಮಂಕು ಬಣ್ಣದ ಆ ಹೆಣ್ಣುಗಳಲ್ಲಿ ಯಾವುದರ ಬೆನ್ನಿನ ರೆಕ್ಕೆಯಿಂದ ಎಳೆ ಹೊರಡುತ್ತದೆ ಎಂದು ಮನೆಮಂದಿಯೆಲ್ಲ ಪಂದ್ಯ ಕಟ್ಟಿಕೊಳ್ಳಬಹುದು. ನನ್ನ ದುಡ್ಡಂತೂ ಎಲ್ಲಕ್ಕಿಂತ ದೊಡ್ಡದರ ಮೇಲೆ.