ದುಡ್ಡು ಬಾಡಿಗೋ, ಲೆನ್ಸಿಗೋ?

ಮನೆಗೊಂದು ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು, ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಅದು ಬಾಡಿಯ ಲೆಕ್ಕ. ಬೆಳಕು ಒಳಗೆ ಬರುವುದು ಲೆನ್ಸಿನಿಂದ ಎಂಬುದು ಆಮೇಲೆ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಜೇಬು ಖಾಲಿ.

ಶಾಲಾ ವಾರ್ಷಿಕೋತ್ಸವದಲ್ಲಿ ಮಗಳ ಭರತನಾಟ್ಯ ಎಂದುಕೊಳ್ಳಿ. ನಿಮಗೆ ಮುಂದಿನ ಸಾಲು ಸಿಕ್ಕಿದೆ, ಆದರೆ ಬೆಳಕು ಕಮ್ಮಿ. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅದರ ಕಿಂಡಿ ಸಾಮಾನ್ಯವಾಗಿ ಎಫ್/5.6ಕ್ಕಿಂತ ಹಿಗ್ಗದು. 50 ಮಿ.ಮೀ. ಎಫ್/1.8 ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮಕ್ಕಳೇ, ಇದು ಉಲ್ಟಾ ಲೆಕ್ಕ!) ಅದರಲ್ಲಿ ಸೆಕೆಂಡಿನ 1/20 ಭಾಗ ಬೇಕಾದರೆ ಇದರಲ್ಲಿ 1/180 ಸಾಕು. ಅಲ್ಲಿ ಕೈಕಾಲು ಮಸುಕು, ಇಲ್ಲಿ ಮುದ್ರೆ ಕಾಣುತ್ತದೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಸವಕಳಿಯೂ ಕಣ್ಣಿಗೆ ಬೀಳುತ್ತದೆ. ಹೊಸ ಮಾದರಿ ಬಂದೊಡನೆ ಹಳೆಯ ಬಾಡಿಯ ಬೆಲೆ ಇಳಿಯುತ್ತದೆ. ಲೆನ್ಸ್ ಹಾಗಲ್ಲ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು ತನ್ನ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲೂ ಉಳಿಸಿಕೊಂಡಿತು. 1980ರ ದಶಕದ ಅದರ ಲೆನ್ಸುಗಳನ್ನು ಇವಕ್ಕೂ ಹಾಕಬಹುದು. ಆದರೆ ಡಿ3500ರಂಥ ಕಡಿಮೆ ಬೆಲೆಯ ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ, ಹಳೆಯ ಲೆನ್ಸನ್ನು ಕೈಯಲ್ಲೇ ತಿರುಗಿಸಬೇಕು. ಕೊಳ್ಳುವ ಮುಂಚೆ ಕೇಳಿ.

ರಂಗನತಿಟ್ಟಿನಲ್ಲಿ ಹಾರುವ ಹಕ್ಕಿ ಹಿಡಿಯುವ ಹುಚ್ಚಿದ್ದವರಿಗೆ ಮಾತ್ರ ಚುರುಕು ಫೋಕಸ್‌ನ ಬಾಡಿಯೂ ಬೇಕು. ಉಳಿದವರು ಸಾಧಾರಣ ಬಾಡಿ ಕೊಂಡು ಮಿಕ್ಕಿದ್ದನ್ನು ಲೆನ್ಸಿಗೆ ಹಾಕಿ. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಬಿಟ್ಟು ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.